ಕೈಗೆ ಬಂದ ಹಣವೂ ಕೇಳತಕ್ಕ ಪ್ರಶ್ನೆಗಳೂ



ಕಳೆದ ಸುಗ್ಗಿಯ ತರುವಾಯ ನಮಗೆ ಪರಿಚಿತನಾದ ಒಬ್ಬ ಬೇಸಾಯಗಾರನು ತನ್ನ ಎತ್ತಿನ ಜೋಡಿಯನ್ನು ಸಂತೆಯಲ್ಲಿ ಮಾರಿ 60,000 ರೂಪಾಯಿಗಳನ್ನು ಮನೆಗೆ ತಂದನು. ಈಗ ಉಳುವದಕ್ಕೆ ಬಾಡಿಗೆಯ ಟ್ರ್ಯಾಕ್ಟರೇ ಬರುವದರಿಂದ ಎತ್ತುಗಳಿಗೆ ಮೇವು ಹಾಕುವದು ಅವನಿಗೆ ಭಾರವಾಗಿತ್ತು. ಹಣ ಬಂದ ಸುದ್ದಿಯು ಊರಲ್ಲಿ ಹಬ್ಬುವದಕ್ಕೆ ಎರಡು ದಿವಸವೂ ಬೇಕಾಗಲಿಲ್ಲ. ಎಂಟು ದಿವಸಗಳೊಳಗೆ ಮೂವರು ಅವನ ಜಗಲಿಯನ್ನು ಹತ್ತಿದರು. ಒಬ್ಬನು ವಿಮೆ ಮಾಡಿಸೆಂದನು. ಒಬ್ಬನು ಬಂಗಾರ ಕೊಂಡುಕೊಳ್ಳೆಂದನು. ಮೂರನೆಯವನಾದರೋ ಎರಡೇ ವರುಷಗಳಲ್ಲಿ ಹಣವನ್ನು ಇಮ್ಮಡಿ ಮಾಡಿಕೊಡುವೆವೆಂದು ಬಣ್ಣದ ಕಾಗದವನ್ನು ಬಿಚ್ಚಿ ತೋರಿಸಿದನು. ಆ ಮನುಷ್ಯನು ನಮ್ಮ ಬಳಿಗೆ ಬಂದು, “ಅಯ್ಯನವರೇ, ಮೂವರೂ ಒಳ್ಳೆಯ ಮಾತನ್ನೇ ಆಡಿದರು. ನಾನು ಯಾರನ್ನು ನಂಬಲಿ?” ಎಂದು ಕೇಳಿದನು. ಅವನಿಗೆ ನಾವು ಹೇಳಿದ್ದನ್ನೂ, ಅವಸರದಲ್ಲಿ ಹೇಳದೆ ಬಿಟ್ಟದ್ದನ್ನೂ ಇಲ್ಲಿ ಬರೆಯುತ್ತೇವೆ.

ದೊಡ್ಡ ಹಣದ ವಿಚಾರಕ್ಕೆ ಮೊದಲು ಚಿಕ್ಕ ಹಣದ ಮಾತು. ನಮ್ಮ ಮನೆಗಳಲ್ಲಿ ಹಣವು ಸೋರುವದು ದೊಡ್ಡ ಬಿರುಕಿನಿಂದಲ್ಲ, ಸಣ್ಣ ತೂತುಗಳಿಂದಲೇ. ಕೈಫೋನಿನ ವಿಷಯವನ್ನು ನೋಡಿರಿ. ಕಂಪನಿಗಳು ಮಾರುವ “ತಿಂಗಳ” ರೀಚಾರ್ಜು ಹಲವು ಸಾರಿ 28 ದಿವಸಗಳದ್ದಾಗಿರುತ್ತದೆ. ವರುಷಕ್ಕೆ ತಿಂಗಳುಗಳು ಹನ್ನೆರಡು. ಆದರೆ 28 ದಿವಸಗಳ ಲೆಕ್ಕದಲ್ಲಿ ನಾವು ಹದಿಮೂರು ಸಾರಿ ಹಣ ಕಟ್ಟುತ್ತೇವೆ. ಈ ದೂರನ್ನು ಕೇಳಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರಲ್ಲಿ, 30 ದಿವಸಗಳ ಒಂದು ಯೋಜನೆಯನ್ನಾದರೂ ಪ್ರತಿಯೊಂದು ಕಂಪನಿಯು ಇಡತಕ್ಕದ್ದೆಂದು ವಿಧಿಸಿತು. ಮತ್ತು 2024ರ ದಶಂಬರದಲ್ಲಿ, ಬರೇ ಮಾತಿಗೂ ಸಂದೇಶಕ್ಕೂ ಸಾಕಾಗುವ, ಇಂಟರ್‌ನೆಟ್ಟು ಸೇರದ ರೀಚಾರ್ಜನ್ನು ಸಹ ಇಡಬೇಕೆಂದು ಅಪ್ಪಣೆ ಮಾಡಿತು. ಗುಂಡಿಯುಳ್ಳ ಚಿಕ್ಕ ಫೋನಿನಲ್ಲಿ ಮಗಳ ಸಂಗಡ ಮಾತಾಡುವದನ್ನು ಬಿಟ್ಟು ಬೇರೇನೂ ಮಾಡದ ಅಜ್ಜಿಯು ಇಂಟರ್‌ನೆಟ್ಟಿಗೆ ಹಣ ಕೊಡುವದು ಯಾಕೆ? ಅಂಗಡಿಯವನು ತಾನಾಗಿ ಇದನ್ನು ಹೇಳನು, ನೀವೇ ಕೇಳಬೇಕು.

ಅಡಿಗೆಯ ಅನಿಲದ ವಿಷಯವೂ ಹೀಗೆಯೇ. ಮನೆಯ ಸಿಲಿಂಡರಿನಲ್ಲಿ ಇರತಕ್ಕ ಅನಿಲವು 14.2 ಕಿಲೋ. ಖಾಲಿ ಸಿಲಿಂಡರಿನ ತೂಕವು ಅದರ ಮೇಲೆಯೇ ಬರೆದಿರುತ್ತದೆ. ಎರಡನ್ನೂ ಕೂಡಿಸಿ ತೂಗಿ ತೋರಿಸೆಂದು ತಂದವನನ್ನು ಕೇಳುವದಕ್ಕೆ ನಿಮಗೆ ಹಕ್ಕುಂಟು. ಕೇಳಿದರೆ ಅವನಿಗೆ ಸಿಟ್ಟು ಬಂದೀತೆಂದು ನಮ್ಮವರು ಸುಮ್ಮನಿರುತ್ತಾರೆ. ಸಂತೆಯಲ್ಲಿ ಅರ್ಧ ಕಿಲೋ ಮೆಣಸಿನಕಾಯಿಗೆ ತಕ್ಕಡಿಯ ಮುಳ್ಳನ್ನು ದಿಟ್ಟಿಸಿ ನೋಡುವ ತಾಯಂದಿರು ಇಲ್ಲಿ ನಾಚುವದು ನಮಗೆ ಆಶ್ಚರ್ಯ.

ಇನ್ನು ಸಾಲದ ಮಾತಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ಬೇಡುತ್ತೇವೆ. ಬಳಿಯಲ್ಲಿ ಸೀಸದಕಡ್ಡಿ ಇದ್ದರೆ ಇನ್ನೂ ಒಳ್ಳೇದು.

ಊರ ಸಾಹುಕಾರನು “ಮೂರು ರೂಪಾಯಿ ಬಡ್ಡಿ” ಅನ್ನುತ್ತಾನೆ. ಕೇಳುವದಕ್ಕೆ ಅದು ಅಲ್ಪವಾಗಿದೆ. ಆದರೆ ಅದು ನೂರಕ್ಕೆ ತಿಂಗಳಿಗೆ ಮೂರು, ವರುಷಕ್ಕೆ ಮೂವತ್ತಾರು. ಐದು ರೂಪಾಯಿ ಬಡ್ಡಿಯೆಂದರೆ ವರುಷಕ್ಕೆ ಅರುವತ್ತು. ಬ್ಯಾಂಕಿನವರು ಬಡ್ಡಿಯನ್ನು ವರುಷದ ಲೆಕ್ಕದಲ್ಲಿ ಹೇಳುತ್ತಾರೆ, ಸಾಹುಕಾರನು ತಿಂಗಳ ಲೆಕ್ಕದಲ್ಲಿ ಹೇಳುತ್ತಾನೆ. ಆದಕಾರಣ ಬ್ಯಾಂಕಿನ ಹನ್ನೆರಡಕ್ಕಿಂತ ಸಾಹುಕಾರನ ಮೂರು ಕಡಿಮೆಯೆಂದು ಭಾವಿಸಿ ಮೋಸಹೋದವರನ್ನು ನಾವು ಬಲ್ಲೆವು. ಅವರಲ್ಲಿ ಶಾಲೆಯಲ್ಲಿ ಕಲಿತವರೂ ಇದ್ದರು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಲೆಕ್ಕವುಂಟು. ಒಬ್ಬನು ನಿಮಗೆ 10,000 ರೂಪಾಯಿ ಸಾಲ ಕೊಟ್ಟು, ವರುಷಕ್ಕೆ ನೂರಕ್ಕೆ 12ರಂತೆ ಬಡ್ಡಿ 1,200 ಆಯಿತು, ಒಟ್ಟು 11,200, ಇದನ್ನು ಹನ್ನೆರಡು ಕಂತುಗಳಲ್ಲಿ ತಿಂಗಳಿಗೆ ಸುಮಾರು 933 ರೂಪಾಯಿಯಂತೆ ಕಟ್ಟು ಅನ್ನುತ್ತಾನೆಂದು ಇಟ್ಟುಕೊಳ್ಳಿರಿ. ಇದು ನಿಜವಾಗಿ ನೂರಕ್ಕೆ ಹನ್ನೆರಡೋ? ಅಲ್ಲ. ಯಾಕಂದರೆ ಹತ್ತು ಸಾವಿರವು ವರುಷವೆಲ್ಲಾ ನಿಮ್ಮ ಕೈಯಲ್ಲಿ ಇರಲಿಲ್ಲ. ಮೊದಲನೆಯ ತಿಂಗಳಿನಿಂದಲೇ ನೀವು ಅಸಲನ್ನು ಹಿಂದಕ್ಕೆ ಕೊಡುತ್ತಾ ಬಂದಿರಿ. ಆರು ತಿಂಗಳಾಗುವಾಗ ಅರ್ಧವು ಹೋಗಿತ್ತು. ಕಡೆಯ ತಿಂಗಳಲ್ಲಿ ನಿಮ್ಮ ಬಳಿ ಉಳಿದಿದ್ದದ್ದು ಸಾವಿರಕ್ಕಿಂತ ಕಡಿಮೆ. ಸರಾಸರಿ ನೋಡಿದರೆ ನೀವು ಐದೂವರೆ ಸಾವಿರದಷ್ಟು ಹಣವನ್ನು ಮಾತ್ರ ಬಳಸಿದ್ದೀರಿ, ಬಡ್ಡಿಯನ್ನಾದರೋ ಪೂರಾ ಹತ್ತು ಸಾವಿರಕ್ಕೆ ಕೊಟ್ಟಿದ್ದೀರಿ. ಆದುದರಿಂದ ನಿಜವಾದ ದರವು ನೂರಕ್ಕೆ ಸುಮಾರು 21ರಿಂದ 22ರ ವರೆಗೆ ಆಗುತ್ತದೆ. ಕಾಗದದ ಮೇಲೆ ಹನ್ನೆರಡೆಂದೇ ಇರುವದು. ಹೇಳಿದವನು ಸುಳ್ಳನ್ನೂ ಹೇಳಲಿಲ್ಲ!

ಈ ಮರೆಯನ್ನು ತೆಗೆಯುವದಕ್ಕೋಸ್ಕರ ರಿಸರ್ವ್ ಬ್ಯಾಂಕು ಕಿರುಸಾಲಗಳ ಬಗ್ಗೆ 2022ರ ಏಪ್ರಿಲಿನಿಂದ ನಿಯಮಗಳನ್ನು ಜಾರಿಗೆ ತಂದಿತು. ಸಾಲ ಕೊಡುವವರು ಎಲ್ಲಾ ಖರ್ಚುಗಳನ್ನೂ ಸೇರಿಸಿ ವರುಷದ ನಿಜವಾದ ದರವನ್ನು ಬರೆದ ಒಂದು ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡತಕ್ಕದ್ದು. ಒಂದು ಮನೆಯ ಎಲ್ಲಾ ಸಾಲಗಳ ಕಂತುಗಳು ಆ ಮನೆಯ ತಿಂಗಳ ವರಮಾನದ ಅರ್ಧವನ್ನು ಮೀರಕೂಡದು. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕಕೂಡದು. ಕಂತಿಗಾಗಿ ಮನೆಯ ಮುಂದೆ ಕೂತು ಹೆಂಗಸರನ್ನು ಪೀಡಿಸುವ ಹಾವಳಿಯು ನಮ್ಮ ರಾಜ್ಯದಲ್ಲಿ ಹೆಚ್ಚಿದಾಗ ಕರ್ನಾಟಕ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಿ ಅಂಥ ಬಲಾತ್ಕಾರವನ್ನು ಅಪರಾಧವನ್ನಾಗಿ ಮಾಡಿತು. ಹಾಗಾದರೂ ಗುಂಪಿನ ಸಾಲಕ್ಕೆ ಸಹಿ ಹಾಕುವ ತಂಗಿಯರು ಒಂದನ್ನು ನೆನಪಿಡಬೇಕು: ನೆರೆಯವಳು ಕಟ್ಟದಿದ್ದರೆ ಗುಂಪಿನವರ ಕಣ್ಣು ನಿಮ್ಮ ಮೇಲೆ ಬೀಳುವದು.

ಈಗ ಆ ಮೂರನೆಯವನ ಬಣ್ಣದ ಕಾಗದ. ಎಷ್ಟು ವರುಷಗಳಲ್ಲಿ ಹಣವು ಇಮ್ಮಡಿಯಾಗುವದೆಂದು ತಿಳಿಯುವದಕ್ಕೆ ಒಂದು ಹಳೇ ಸೂತ್ರವುಂಟು. 72ನ್ನು ಬಡ್ಡಿಯ ದರದಿಂದ ಭಾಗಿಸಿರಿ. ಬರುವ ಸಂಖ್ಯೆಯೇ ವರುಷಗಳು. ಇದನ್ನು ಪರೀಕ್ಷಿಸೋಣ. ಅಂಚೆಯ ಕಚೇರಿಯಲ್ಲಿ ಸಿಕ್ಕುವ ಕಿಸಾನ್ ವಿಕಾಸ ಪತ್ರಕ್ಕೆ 2023ರ ಏಪ್ರಿಲಿನಲ್ಲಿ ಸರಕಾರವು ನೂರಕ್ಕೆ 7.5ರ ದರವನ್ನು ಗೊತ್ತುಮಾಡಿ, 115 ತಿಂಗಳಲ್ಲಿ ಇಮ್ಮಡಿಯಾಗುವದೆಂದು ಪ್ರಕಟಿಸಿತು. 72ನ್ನು 7.5ರಿಂದ ಭಾಗಿಸಿದರೆ 9.6 ವರುಷ, ಅಂದರೆ 115 ತಿಂಗಳೇ ಸರಿ. ಇದೇ ಸೂತ್ರವನ್ನು ತಿರುಗಿಸಿರಿ. ಎರಡು ವರುಷಗಳಲ್ಲಿ ಇಮ್ಮಡಿಯಾಗಬೇಕಾದರೆ ದರವು 36 ಇರಬೇಕು. ದೇಶದ ಸರಕಾರವು ಏಳೂವರೆ ಕೊಡುವಲ್ಲಿ ಈ ಕಂಪನಿಯು ಮೂವತ್ತಾರನ್ನು ಕೊಡುವದಾದರೆ, ಅದು ಯಾವ ವ್ಯಾಪಾರದಿಂದ ಅಷ್ಟನ್ನು ಗಳಿಸುತ್ತದೆ? ಹೆಚ್ಚಾಗಿ ಇದಕ್ಕೆ ಉತ್ತರವು ಒಂದೇ: ವ್ಯಾಪಾರವೇ ಇಲ್ಲ. ಇಂದು ಬಂದವರ ಹಣವನ್ನು ನಿನ್ನೆ ಬಂದವರಿಗೆ ಬಡ್ಡಿಯೆಂದು ಕೊಡುತ್ತಾರೆ. ಹೊಸಬರು ಬರುವದು ನಿಂತ ದಿವಸ ಬಾಗಿಲಿಗೆ ಬೀಗ ಬೀಳುತ್ತದೆ.

ನಮ್ಮ ನೆರೆಯ ಊರಿನ ಒಬ್ಬ ವಿಧವೆಯು ಗಂಡನು ತೀರಿಹೋದ ಮೇಲೆ ಕೈಗೆ ಬಂದ 1,50,000 ರೂಪಾಯಿಗಳನ್ನು ಇಂಥ ಒಂದು ಕಂಪನಿಗೆ ಕೊಟ್ಟಳು. ಏಳು ತಿಂಗಳು ಬಡ್ಡಿಯು ತಪ್ಪದೆ ಬಂತು. ಅದನ್ನು ಕಂಡು ಅವಳ ಅಕ್ಕನೂ ಕೊಟ್ಟಳು, ಮೈದುನನೂ ಕೊಟ್ಟನು. ಎಂಟನೆಯ ತಿಂಗಳಲ್ಲಿ ಕಚೇರಿಯು ಮುಚ್ಚಿತ್ತು. ಅವಳಿಂದ ಹಣ ತಕ್ಕೊಂಡವನು ಅಪರಿಚಿತನಲ್ಲ. ಅವಳ ಸಂಗಡ ಅದೇ ಬೆಂಚಿನಲ್ಲಿ ಕೂತು ಹಾಡುತ್ತಿದ್ದವನು. ಅವನೂ ತನ್ನ ಸ್ವಂತ ಹಣವನ್ನು ಅದರಲ್ಲಿಯೇ ಕಳಕೊಂಡನೆಂಬದು ಆಮೇಲೆ ತಿಳಿದುಬಂತು. ಇದನ್ನು ಬರೆಯುವದು ನಮಗೆ ಕಷ್ಟ, ಆದರೂ ಬರೆಯದೆ ಇರಕೂಡದು: ದೇವಾಲಯವಾಗಲಿ, ಮಸೀದಿಯಾಗಲಿ, ನಮ್ಮ ಸಭೆಯಾಗಲಿ, ಎಲ್ಲಿ ಜನರು ಒಬ್ಬರನ್ನೊಬ್ಬರು ನಂಬಿ ಕೂಡುತ್ತಾರೋ ಅಲ್ಲಿಗೇ ಈ ವ್ಯವಹಾರಗಳು ಮೊದಲು ಬರುತ್ತವೆ. ನೆರೆಯವನ ಗುಣವನ್ನು ನಂಬುವದು ಬೇರೆ, ಅವನು ತಂದ ಕಾಗದವನ್ನು ನಂಬುವದು ಬೇರೆ.

ಕಂಪನಿಯು ಸರಕಾರದಲ್ಲಿ ರಿಜಿಸ್ಟರಾಗಿದೆ ಎಂದು ಅವರು ಮುದ್ರೆ ತೋರಿಸುವದುಂಟು. ಕಂಪನಿಯಾಗಿ ನೋಂದಾಯಿಸುವದು ಒಂದು. ಜನರಿಂದ ಠೇವಣಿ ತಕ್ಕೊಳ್ಳುವ ಅಪ್ಪಣೆ ಪಡೆಯುವದು ಮತ್ತೊಂದು. ಎರಡನೆಯದನ್ನೇ ಕೇಳಬೇಕು. ಅಪ್ಪಣೆಯಿಲ್ಲದೆ ಠೇವಣಿ ತಕ್ಕೊಳ್ಳುವದನ್ನು 2019ರ ಕೇಂದ್ರ ಕಾಯಿದೆಯು ನಿಷೇಧಿಸಿದೆ. ಠೇವಣಿದಾರರ ಹಿತವನ್ನು ಕಾಯುವ 2004ರ ಕರ್ನಾಟಕದ ಕಾಯಿದೆಯ ಮೇರೆಗೆ ಅಂಥವರ ಆಸ್ತಿಯನ್ನು ಜಪ್ತಿಮಾಡಿ ಹಂಚುವ ದಾರಿಯೂ ಉಂಟು. ಆದರೆ ದಾರಿಯು ಉದ್ದ. ಆ ವಿಧವೆಯು ಅರ್ಜಿ ಕೊಟ್ಟಿದ್ದಾಳೆ. ಈ ವರೆಗೆ ಅವಳ ಕೈಗೆ ಏನೂ ಬಂದಿಲ್ಲ.

ಹಾಗಾದರೆ ಹಣವನ್ನು ಎಲ್ಲಿ ಇಡಬೇಕು? ಅಂಚೆಯ ಉಳಿತಾಯ ಬ್ಯಾಂಕು ನಮ್ಮ ದೇಶದಲ್ಲಿ 1882ರಲ್ಲಿ ಆರಂಭವಾಯಿತು. ಅದರಲ್ಲಿ ಇಟ್ಟ ಹಣಕ್ಕೆ ಸರಕಾರವೇ ಹೊಣೆ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಆ ಬ್ಯಾಂಕಿನಲ್ಲಿ ಅಸಲು ಬಡ್ಡಿ ಕೂಡಿ 5 ಲಕ್ಷ ರೂಪಾಯಿಗಳ ವರೆಗೆ ವಿಮೆಯುಂಟು. 2020ರ ಫೆಬ್ರವರಿಗೆ ಮೊದಲು ಇದು ಒಂದೇ ಲಕ್ಷವಿತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಸಲ್ಲುತ್ತದೆ. ಆದರೆ ಬ್ಯಾಂಕಲ್ಲದ ಪತ್ತಿನ ಸಹಕಾರಿ ಸಂಘಕ್ಕೂ ಸೌಹಾರ್ದ ಸಹಕಾರಿಗೂ ಸಲ್ಲುವದಿಲ್ಲ. ಹಲಗೆಯ ಮೇಲೆ “ಬ್ಯಾಂಕ್” ಎಂಬ ಮಾತು ಇದೆಯೋ ಇಲ್ಲವೋ ನೋಡಿರಿ. ಸಹಕಾರಿ ಸಂಘಗಳನ್ನು ನಾವು ಹಳಿಯುವದಿಲ್ಲ. ಹಿಂದೂದೇಶದ ಮೊದಲನೆಯ ಕೃಷಿ ಪತ್ತಿನ ಸಂಘವು 1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿಯೇ ಹುಟ್ಟಿತು, ಸಾಹುಕಾರನ ಬಡ್ಡಿಯಿಂದ ಒಕ್ಕಲು ಮಕ್ಕಳನ್ನು ಬಿಡಿಸುವದೇ ಅಂಥ ಸಂಘಗಳ ಉದ್ದೇಶ. ಆದರೆ ಸಂಘದ ಸದಸ್ಯನು ವಾರ್ಷಿಕ ಸಭೆಗೆ ಹೋಗಿ ಲೆಕ್ಕ ಕೇಳಬೇಕು. ತಿಂಡಿಗೆ ಮಾತ್ರ ಹೋಗುವದಲ್ಲ.

ಚೀಟಿಯ ವಿಷಯ ಎರಡೇ ಮಾತು. ಅದಕ್ಕೆ 1982ರ ಕಾಯಿದೆಯುಂಟು, ರಾಜ್ಯ ಸರಕಾರದ ಎಂ.ಎಸ್.ಐ.ಎಲ್. ಸಂಸ್ಥೆಯೂ ಚೀಟಿ ನಡಿಸುತ್ತದೆ. ನೋಂದಣಿಯಿಲ್ಲದ ಊರ ಚೀಟಿಗೆ ನಡಿಸುವವಳ ನಂಬಿಗೆಯೇ ಆಧಾರ.

ಬಂಗಾರವು ಕಷ್ಟಕಾಲಕ್ಕೆ ಒದಗುತ್ತದೆಂಬದು ನಿಜ. ಆದರೆ ಒಡವೆಗೆ ಕೊಟ್ಟ ಕೂಲಿಯೂ ತೆರಿಗೆಯೂ ಮಾರುವಾಗ ಹಿಂದಕ್ಕೆ ಬರುವದಿಲ್ಲ. ಕೊಳ್ಳುವದೇ ಆದರೆ ಹಾಲ್‌ಮಾರ್ಕಿನ ಗುರುತನ್ನೂ ಆರು ಅಕ್ಷರ-ಅಂಕೆಗಳ ಸಂಕೇತವನ್ನೂ ನೋಡಿ, ರಸೀತಿ ಪಡೆದು ಕೊಳ್ಳಿರಿ.

ವಿಮೆಯಲ್ಲಿ ನಾವೇ ಒಮ್ಮೆ ಎಡವಿದೆವು. ದೂರದ ಸಂಬಂಧಿಯೊಬ್ಬನು ಮನೆಗೆ ಬಂದು ಊಟ ಮಾಡಿ ಪತ್ರವನ್ನು ಮುಂದಿಟ್ಟಾಗ ಇಲ್ಲವೆನ್ನಲು ನಾಚಿ, ಓದದೆ ಸಹಿ ಹಾಕಿದೆವು. ಮೂರನೆಯ ಕಂತನ್ನು ಕಟ್ಟಲಾರದೆ ಬಿಟ್ಟಾಗ ಕಟ್ಟಿದ್ದರಲ್ಲಿ ಬಹುಭಾಗವು ಹೋಯಿತು. ಮರಣಕ್ಕೆ ಭದ್ರತೆ ಬೇರೆ, ಉಳಿತಾಯ ಬೇರೆ. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದರೆ ಎರಡೂ ಅರೆಬೆಂದಾವು. ಬ್ಯಾಂಕಿನ ಖಾತೆಯುಳ್ಳ 18ರಿಂದ 50 ವರುಷದವರಿಗೆ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯು, 2022ರ ಜೂನಿನಲ್ಲಿ ಗೊತ್ತಾದ ದರದಂತೆ, ವರುಷಕ್ಕೆ 436 ರೂಪಾಯಿಗೆ 2 ಲಕ್ಷದ ಭದ್ರತೆ ಕೊಡುತ್ತದೆ. 70ರ ವರೆಗಿನವರಿಗೆ ಅಪಘಾತದ ಸುರಕ್ಷಾ ವಿಮೆಗೆ 20 ರೂಪಾಯಿ. ಮೇ ತಿಂಗಳ ಕಡೆಯಲ್ಲಿ ಖಾತೆಯಲ್ಲಿ ಆ ಹಣವಿರುವಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ವಿಮೆಯು ನಿಲ್ಲುವದು. ಬೇರೆ ಯಾವ ಜೀವವಿಮೆಯ ಪತ್ರವಾದರೂ ಕೈಸೇರಿದ ಮೇಲೆ ಒಪ್ಪಿಗೆಯಾಗದಿದ್ದರೆ 30 ದಿವಸಗಳೊಳಗೆ ಹಿಂದಿರುಗಿಸುವ ಹಕ್ಕು 2024ರ ನಿಯಮದಂತೆ ಉಂಟು. ನಮಗೆ ಆಗ ಇದು ತಿಳಿದಿರಲಿಲ್ಲ.

ಮೋಸವಾದಲ್ಲಿ ಗ್ರಾಹಕರ ಸಹಾಯವಾಣಿ 1915. ಫೋನಿನ ಮೂಲಕ ಹಣ ಕದ್ದರೆ ಒಂದು ಘಳಿಗೆಯೂ ತಡಮಾಡದೆ 1930. ಬ್ಯಾಂಕಿನ ಮೇಲಣ ದೂರಿಗೆ 14448. ಜಿಲ್ಲೆಯ ಗ್ರಾಹಕರ ಆಯೋಗದಲ್ಲಿ 5 ಲಕ್ಷದೊಳಗಿನ ವ್ಯಾಜ್ಯಕ್ಕೆ ಶುಲ್ಕವಿಲ್ಲ. ರಸೀತಿ ಇಟ್ಟುಕೊಂಡವನಿಗೆ ಮಾತ್ರ ಇವೆಲ್ಲಾ ಚೆನ್ನಾಗಿ ಉಪಯೋಗವಾಗುವವು.

ಆ ಬೇಸಾಯಗಾರನಿಗೆ ನಾವು ಮೊದಲು ಕೇಳಿದ್ದು, “ನಿನಗೆ ಸಾಲ ಎಷ್ಟಿದೆಯಪ್ಪಾ?” ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದನು. ಅವನ ಹೆಂಡತಿಯೇ ಬಾಗಿಲ ಮರೆಯಿಂದ, “ಸಾಹುಕಾರರಲ್ಲಿ ಇಪ್ಪತ್ತೈದು ಸಾವಿರ, ಮೂರು ರೂಪಾಯಿ ಬಡ್ಡಿ” ಅಂದಳು. ತಿಂಗಳಿಗೆ 750, ಎರಡು ವರುಷಗಳಲ್ಲಿ 18,000 ಕೊಟ್ಟಿದ್ದರು, ಅಸಲು ಹಾಗೆಯೇ ಇತ್ತು. ಬಣ್ಣದ ಕಾಗದದವನು ಕೊಡುವೆನೆಂದ ಮೂವತ್ತಾರು ಇದೇ ಮೂವತ್ತಾರು. ಅವನು ಕೊಡುವದು ಅನುಮಾನ. ಸಾಲ ತೀರಿಸಿದರೆ ಉಳಿಯುವದು ನಿಶ್ಚಯ. ಇದನ್ನು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದೆವು. ಅವನು ಮರುದಿನ ಸಾಲ ತೀರಿಸಿ, ಪತ್ರವನ್ನು ಹರಿಸಿ ತಂದನು. ಮೂವತ್ತು ಸಾವಿರ ಅಂಚೆಯ ಕಚೇರಿಗೆ ಹೋಯಿತು, ಹೆಂಡತಿಯ ಹೆಸರೂ ಸೇರಿದ ಖಾತೆಗೆ. ಉಳಿದ ಐದು ಸಾವಿರವನ್ನು ಅವಳು ಕೈಯಲ್ಲಿ ಇಟ್ಟುಕೊಂಡಿದ್ದಾಳೆ. ಮಳೆಗಾಲಕ್ಕೆ ಮುಂಚೆ ಹೆಂಚು ಹೊದಿಸಬೇಕಂತೆ.