ಬಾನೆಟ್ ಆಮೇಲೆ ಎತ್ತೋಣ

ಹಳೇ ಜೀಪು ಮಾರುವವರು ಮೊದಲು ಬಾನೆಟ್ ಎತ್ತುತ್ತಾರೆ. ನೀವು ಹೋಗುವಷ್ಟರಲ್ಲಿ ಎಂಜಿನ್ ತೊಳೆದು, ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಒಂದು ಸಲ ಸ್ಟಾರ್ಟ್ ಮಾಡಿ ಬಿಸಿಯನ್ನೂ ಮಾಡಿಟ್ಟಿರುತ್ತಾರೆ. ಕೀಲಿ ತಿರುಗಿಸಿದ ಕೂಡಲೇ ಗುಡುಗುಡು ಅಂದರೆ ಅರ್ಧ ವ್ಯಾಪಾರ ಮುಗಿಯಿತು ಅಂತ ಲೆಕ್ಕ. ಕೊಪ್ಪ, ತೀರ್ಥಹಳ್ಳಿ, ಸಕಲೇಶಪುರದ ಕಡೆ ಜೀಪು ನೋಡುತ್ತಾ ಅಲೆದು ನಾನು ಬೇರೆಯೇ ಪದ್ಧತಿ ಮಾಡಿಕೊಂಡೆ. ಒಂದು ಗೋಣಿಚೀಲ, ಸಣ್ಣ ಸುತ್ತಿಗೆ, ಟಾರ್ಚು, ಸೀಮೆಸುಣ್ಣದ ತುಂಡು ಚೀಲದಲ್ಲಿ ಇಟ್ಟುಕೊಂಡು ಹೋಗುವುದು. ಮೊದಲು ಕಾಗದ ನೋಡುವುದು, ಆಮೇಲೆ ಗೋಣಿ ಹಾಸಿ ಜೀಪಿನಡಿ ಮಲಗುವುದು. ಎಂಜಿನ್ ಕೊನೆಗೆ.

ನಮ್ಮ ಮೇಲಿನ ತೋಟಕ್ಕೆ ಹೋಗುವ ದಾರಿ ಬರೀ ಜೇಡಿಮಣ್ಣು. ಜೂನ್ ಹಿಡಿದರೆ ಪಿಕಪ್ ಹತ್ತುವುದಿಲ್ಲ. ಟ್ರ್ಯಾಕ್ಟರ್ ಹತ್ತುತ್ತದೆ, ಆದರೆ ಔಷಧಿ ಹೊಡೆಯುವ ದಿನ ಡ್ರಮ್ಮು, ಪಂಪು, ಪೈಪು, ಜನ ಎಲ್ಲವನ್ನೂ ಒಟ್ಟಿಗೆ ಹೊರಡಿಸಲಾಗದು. ರಿಸಾರ್ಟುಗಳಲ್ಲಿ ಓಡುವ ಎಟಿವಿಯಲ್ಲಿ ಒಬ್ಬರು ಕೂರಬಹುದು, ಇನ್ನೊಬ್ಬರು ಫೋಟೊ ತೆಗೆಯಬಹುದು, ತೋಟದ ಕೆಲಸಕ್ಕಾಗದು. ಹೊಸ ಥಾರ್ ತಂದು ಅದರ ಮೇಲೆ ಗೊಬ್ಬರ ಹೇರುವಷ್ಟು ಗಟ್ಟಿ ಮನಸ್ಸು ನನಗಿಲ್ಲ. ಹಾಗಾಗಿ ಹಳೇ ಮಹೀಂದ್ರ.

ಮಹೀಂದ್ರದವರು ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸತೊಡಗಿದ್ದು 1947ರಲ್ಲಿ. ಮಲೆನಾಡಿನ ಎಸ್ಟೇಟುಗಳಲ್ಲಿ ಇವತ್ತಿಗೂ ಸಿಗುವ ಎತ್ತರದ ಬಾನೆಟ್ಟಿನ ಸಿಜೆ-3ಬಿ ಅದೇ ವಂಶದ್ದು. ಮೂಲದಲ್ಲಿ ಪೆಟ್ರೋಲ್, ಈಗ ಬಹುಪಾಲು ಡೀಸೆಲ್ಲಿಗೆ ಬದಲಾದವು. ನಾನು ಹುಡುಕುತ್ತಿದ್ದುದು ಎಂಎಂ 540. ಇದರ ಎಂಜಿನ್ ಪ್ಯೂಜೊ ವಿನ್ಯಾಸದ ಎಕ್ಸ್‌ಡಿಪಿ 4.90. ನಾಲ್ಕು ಅಂದರೆ ಸಿಲಿಂಡರ್, 90 ಅಂದರೆ ಬೋರ್ ಎಷ್ಟು ಮಿಲಿಮೀಟರ್ ಎಂಬುದು. ಒಟ್ಟು 2112 ಸಿಸಿ.

ಮಾರಾಟಕ್ಕಿರುವ ಜೀಪು ಹಿಂದೆ ಏನು ಕೆಲಸ ಮಾಡಿತ್ತು ಅನ್ನುವುದು ಅದು ಎಷ್ಟನೇ ಇಸವಿಯದು ಅನ್ನುವುದಕ್ಕಿಂತ ಮುಖ್ಯ. ಕೊಡಚಾದ್ರಿಗೋ ಮಾಂದಲಪಟ್ಟಿಗೋ ಬಾಡಿಗೆ ಹೊಡೆದ ಜೀಪಿನ ಎಂಜಿನ್ ಚೆನ್ನಾಗಿಯೇ ಇರುತ್ತದೆ, ಅದು ಅನ್ನ ಕೊಡುವ ಎಂಜಿನ್ನಲ್ಲವೇ. ಆದರೆ ಸ್ಪ್ರಿಂಗ್ ಹ್ಯಾಂಗರ್, ಕ್ರಾಸ್ ಮೆಂಬರ್, ಸ್ಟೀರಿಂಗ್ ಎಲ್ಲ ಬಂಡೆಗೆ ಬಡಿದು ಸೋತಿರುತ್ತವೆ. ಉತ್ತರದಿಂದ ಇಳಿದವೂ ಇವೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿ ಸುತ್ತಮುತ್ತ ಓಡಬಾರದು ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದ ಮೇಲೆ ಅಲ್ಲಿನ ಗಾಡಿಗಳು ಅಗ್ಗವಾದವು. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಶೃಂಗಾರ ಮಾಡಿಸಿಕೊಂಡ ಜೀಪುಗಳೂ ಬರುತ್ತವೆ. ಕಣ್ಣಿಗೆ ಹಬ್ಬ. ಆದರೆ ಕಾಗದ ಕೇಳಿದರೆ ಮಾಲೀಕರು ವಿಷಯ ಬದಲಿಸುತ್ತಾರೆ.

ತೋಟದ ಜೀಪೇ ಕ್ಷೇಮ ಅಂದುಕೊಳ್ಳುತ್ತೇವೆ. ಅದಕ್ಕೆ ಇನ್ನೊಂದು ರೋಗ, ಮೈಲುತುತ್ತ. ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಅಡಿಕೆ ತೋಟಗಳಿಗೆ ಬೋರ್ಡೋ ಹೊಡೆಯುವುದನ್ನು ಕಲಿಸಿಕೊಟ್ಟಾಗಿನಿಂದ ಕೊಳೆರೋಗಕ್ಕೆ ನಮ್ಮದು ಅದೇ ಮದ್ದು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಸೇರುವ ಮೊದಲಿನ ಮೈಲುತುತ್ತದ ನೀರು ಕಬ್ಬಿಣದ ಮೇಲೆ ಬಿದ್ದರೆ ಅದರಲ್ಲಿರುವ ತಾಮ್ರ ಅಲ್ಲೇ ಕೂತು ಕಬ್ಬಿಣ ಕರಗುತ್ತದೆ. ವರ್ಷ ವರ್ಷ ಡ್ರಮ್ಮು ಕುಲುಕಿ ಚೆಲ್ಲಿದ ನೀರು ಹಿಂಬದಿಯ ನೆಲಹಾಸಿನ ಮಡಿಕೆಯೊಳಗೆ, ಅಲ್ಲಿಂದ ಚಾಸಿಯ ಹಿಂದಿನ ಅಡ್ಡಪಟ್ಟಿಗೆ ಇಳಿದಿರುತ್ತದೆ. ಅದರ ಮೇಲೆ ಗೊಬ್ಬರ, ಯೂರಿಯ. ಮೇಲಿನಿಂದ ನೋಡಿದರೆ ರಬ್ಬರ್ ಮ್ಯಾಟು, ಹೊಸ ಬಣ್ಣ. ಕೆಳಗೆ ಮಲಗಿ ಸುತ್ತಿಗೆಯಲ್ಲಿ ಹಲಸಿನಹಣ್ಣು ತಟ್ಟಿದ ಹಾಗೆ ತಟ್ಟುತ್ತಾ ಬರಬೇಕು. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತದೆ, ತುಕ್ಕು ತಿಂದಲ್ಲಿ ಡಬ್ ಅನ್ನುತ್ತದೆ. ಅಡಿಭಾಗಕ್ಕೆ ಆಗತಾನೇ ಕಪ್ಪು ಬಣ್ಣ ಬಳಿದಿದ್ದರೆ ಇನ್ನೂ ಎರಡು ಸಲ ತಟ್ಟಬೇಕು.

ಕಾಗದದ ವಿಷಯದಲ್ಲಿ ನಾನು ಹಟಮಾರಿ. ಹಾಸನದ ಕಡೆ ಒಂದು ಚೆಂದದ ಜೀಪಿತ್ತು. ಚಾಸಿ ನಂಬರಿನ ಮೇಲೆ ಹಾಳೆಯಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಒಂದೇ ಸಾಲಿನಲ್ಲಿ ಬರಲಿಲ್ಲ, ಸುತ್ತ ಗ್ರೈಂಡರ್ ಗೀರು. "ತುಕ್ಕು ಹಿಡ್ದಿತ್ತು, ಉಜ್ಜಿಸಿದ್ದು" ಅಂದರು. ಕಾಫಿ ಕುಡಿದು ಬಂದೆ. ಹೊರರಾಜ್ಯದ್ದಾದರೆ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿ ತೆರಿಗೆ ಬೇರೆ. ಮಾಲೀಕತ್ವ ವರ್ಗಾವಣೆಗೆ 29 ಮತ್ತು 30. ಮಿಲಿಟರಿ ಡಿಸ್ಪೋಸಲ್ ಅನ್ನುವವರ ಬಳಿ ಸೇನೆಯವರು ಕೊಟ್ಟ ಫಾರಂ 21 ಇರಬೇಕು. "ಅದೆಲ್ಲ ಮಾಡಿಸ್ಬಹುದು" ಅಂದರೆ ಆಗುವುದಿಲ್ಲ ಎಂದೇ ತಿಳಿಯಬೇಕು. ಎಂಜಿನ್ ಬದಲಾಗಿದ್ದರೆ ಆರ್‌ಸಿಯಲ್ಲೂ ಬದಲಾಗಿರಬೇಕು. ಹದಿನೈದು ವರ್ಷದ ಬಳಿಕ ಐದೈದು ವರ್ಷಕ್ಕೆ ನೋಂದಣಿ ನವೀಕರಣ. ಕಾರು-ಜೀಪಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು, 20 ವರ್ಷ ದಾಟಿದವಕ್ಕೆ 2025ರಲ್ಲಿ 10,000. ಚೌಕಾಸಿ ಮಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಗೆ ಸಿಕ್ಕಿದ್ದು ಕೊಪ್ಪದ ಹತ್ತಿರದ್ದೇ ಒಂದು 1994ರ ಎಂಎಂ 540. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಹಿಂದಿನ ಸೀಟಿನಡಿ ಕಟ್ಟಿಟ್ಟಿದ್ದರು. "ಡೀಸೆಲ್ ಉಳೀತದೆ ಮಾರಾಯ್ರೆ." ನಮ್ಮ ಮೆಕ್ಯಾನಿಕ್ ಅದನ್ನು ಕೈಗೆತ್ತಿಕೊಂಡು ಜಾಯಿಂಟು ಅಲ್ಲಾಡಿಸಿ ನನ್ನ ಮುಖ ನೋಡಿದ. ಯೂನಿವರ್ಸಲ್ ಕ್ರಾಸ್ ಸವೆದು ನಡುಗುತ್ತಿದ್ದುದಕ್ಕೆ ತೆಗೆದಿದ್ದಾರೆ, ಹಾಕಿಸಲು ಬೇಸರ. ಇದೇನೂ ದೊಡ್ಡ ಖರ್ಚಲ್ಲ. ದೊಡ್ಡ ಭಯ ಬೇರೆ ಇತ್ತು: ಮುಂದಿನ, ಹಿಂದಿನ ಆಕ್ಸಲ್‌ಗಳ ಕ್ರೌನ್-ಪಿನಿಯನ್ ಒಂದೇ ಅನುಪಾತದ್ದೇ? ಹಳೇ ಜೀಪುಗಳಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8, ಅಂದರೆ ಸುಮಾರು 5.38. ಇನ್ನು ಕೆಲವು 39ಕ್ಕೆ 8, ಅಂದರೆ 4.88. ಒಂದು ಆಕ್ಸಲ್ ಕೈಕೊಟ್ಟಾಗ ಗ್ಯಾರೇಜಿನವರು ಸಿಕ್ಕಿದ್ದನ್ನು ಹಾಕಿರುತ್ತಾರೆ. ಎರಡು ಚಕ್ರದಲ್ಲಿ ಓಡಿಸುವವರೆಗೆ ಗೊತ್ತೇ ಆಗುವುದಿಲ್ಲ. ನಾಲ್ಕೂ ಚಕ್ರಕ್ಕೆ ಹಾಕಿದ ದಿನ ಮುಂದಿನದು ಒಂದು ವೇಗ, ಹಿಂದಿನದು ಇನ್ನೊಂದು ವೇಗ ಕೇಳಿ, ನಡುವಿನ ಟ್ರಾನ್ಸ್‌ಫರ್ ಕೇಸ್ ಹಿಂಡಿಹೋಗುತ್ತದೆ.

ಸೀಮೆಸುಣ್ಣ ಇದಕ್ಕೇ. ಗಾಡಿಗೆ ಚೆನ್ನಾಗಿ ಅಡೆ ಕೊಟ್ಟು, ಗೇರ್ ನ್ಯೂಟ್ರಲ್‌ಗೆ ಹಾಕಿ, ಒಂದೇ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಬೇಕು. ಎತ್ತಿದ ಚಕ್ರಕ್ಕೊಂದು, ಆ ಆಕ್ಸಲ್ಲಿಗೆ ಬರುವ ಶಾಫ್ಟಿನ ತುದಿಗೊಂದು ಗುರುತು ಹಾಕಿ, ಚಕ್ರವನ್ನು ಕೈಯಲ್ಲಿ ಸರಿಯಾಗಿ ಎರಡು ಸುತ್ತು ತಿರುಗಿಸುವುದು. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಕ್ರೌನ್ ಒಂದು ಸುತ್ತಷ್ಟೇ ತಿರುಗುತ್ತದೆ. ಶಾಫ್ಟ್ ಐದು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗಿದರೆ 4.88, ಐದು ದಾಟಿ ಮತ್ತೂ ಮೂರನೇ ಒಂದು ಸುತ್ತಿನಷ್ಟು ಹೋದರೆ 5.38. ಹಿಂದೆ ಮುಂದೆ ಎರಡೂ ಕಡೆ ಒಂದೇ ಬಂತು. ಅಡ್ವಾನ್ಸ್ ಕೊಟ್ಟೆ.

ರಿಪೇರಿಗೆ ನಾನು ಹಾಕಿಕೊಂಡ ಕ್ರಮ: ಮೊದಲು ನಿಲ್ಲಬೇಕು, ಆಮೇಲೆ ತಿರುಗಬೇಕು, ಎಳೆಯುವುದು ಕೊನೆಗೆ. ಬ್ರೇಕಿನ ವೀಲ್ ಸಿಲಿಂಡರ್ ನಾಲ್ಕೂ ಹೊಸವು, ಪೈಪೂ ಹೊಸದು; ಅದರಲ್ಲಿ ಹೇಳುವಂಥದ್ದಿಲ್ಲ. ಸ್ಟೀರಿಂಗ್ ಮಾತ್ರ ಕಾಡಿತು. ನಲವತ್ತೈದು-ಐವತ್ತರ ವೇಗದಲ್ಲಿ ಹೊಂಡಕ್ಕೆ ಬಿದ್ದರೆ ಮುಂದಿನ ಚಕ್ರಗಳೆರಡೂ ಒದರಾಡಿ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ಆಗುತ್ತಿತ್ತು. ಪೇಟೆಯಲ್ಲಿ ಎಲ್ಲರ ಸಲಹೆಯೂ ಒಂದೇ, ಡ್ಯಾಂಪರ್ ಹಾಕಿಸಿ. ನಮ್ಮ ಮೆಕ್ಯಾನಿಕ್ ಒಪ್ಪಲಿಲ್ಲ. ಡ್ಯಾಂಪರ್ ರೋಗ ಮುಚ್ಚುತ್ತದೆ, ಗುಣ ಮಾಡುವುದಿಲ್ಲ ಎಂದ. ಕಿಂಗ್ ಪಿನ್ ಬೇರಿಂಗ್ ಬಿಚ್ಚಿದರೆ ಗುಂಡುಗುಂಡಾಗಿ ತಗ್ಗು ಬಿದ್ದಿತ್ತು. ಹೊಸ ಬೇರಿಂಗ್ ಕೂರಿಸಿ, ತಗಡಿನ ಶಿಮ್ಮುಗಳನ್ನು ಒಂದೊಂದೇ ತೆಗೆಯುತ್ತಾ ಬಿಗಿ ನೋಡಲು ಅವನು ಕೇಳಿದ್ದು ಮನೆಯಲ್ಲಿ ಏಲಕ್ಕಿ ತೂಗುವ ಸ್ಪ್ರಿಂಗ್ ತಕ್ಕಡಿ. ಆಯಿಲ್ ಸೀಲ್ ಹಾಕುವ ಮೊದಲೇ ಸ್ಟೀರಿಂಗ್ ಆರ್ಮಿಗೆ ಕೊಕ್ಕೆ ಸಿಕ್ಕಿಸಿ ಎಳೆದು, ಎಷ್ಟು ತೂಕಕ್ಕೆ ಅಲುಗುತ್ತದೆ ಅಂತ ಎರಡೂ ಕಡೆ ಸರಿದೂಗಿಸಿದ. ಜೀಪಿನ ಹಳೇ ಕೈಪಿಡಿಯಲ್ಲೂ ಇದೇ ವಿಧಾನ ಇದೆ. ಒದರಾಟ ನಿಂತಿತು.

ಆಕ್ಸಲ್ ಆಯಿಲ್ ಇಳಿಸಿದಾಗ ಹಾಲುಹಾಲಾಗಿತ್ತು, ಅಂದರೆ ನೀರು ಸೇರಿದೆ. ಓಡಿ ಬಿಸಿಯಾದ ಆಕ್ಸಲ್ ಹಳ್ಳಕ್ಕಿಳಿದ ತಕ್ಷಣ ತಣಿಯುತ್ತದೆ, ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಉಸಿರಾಡಲು ಮೇಲೊಂದು ಪುಟ್ಟ ಬ್ರೀದರ್ ಇರುತ್ತದೆ. ನಮ್ಮದರದ್ದು ಕೆಸರು ಕಟ್ಟಿ ಮುಚ್ಚಿಹೋಗಿತ್ತು. ಅದನ್ನು ಬಿಡಿಸಿ, ಪೈಪು ಜೋಡಿಸಿ ತುದಿಯನ್ನು ಬಾನೆಟ್ಟಿನೊಳಗೆ ಎತ್ತರಕ್ಕೆ ಕಟ್ಟಿದೆವು. ಇಡೀ ರಿಪೇರಿಯಲ್ಲಿ ಅತಿ ಅಗ್ಗದ, ಅತಿ ಉಪಯೋಗದ ಕೆಲಸ ಇದೇ.

ಟೈರಿನ ವಿಷಯದಲ್ಲಿ ಮನೆಯಲ್ಲೇ ಎರಡು ಪಕ್ಷ. ಅಣ್ಣನ ಮಗನಿಗೆ ಅಗಲದ ದಪ್ಪ ಟೈರು ಬೇಕು. ಅಗಲದ ಟೈರು ನಮ್ಮ ಜೇಡಿಯ ಮೇಲೆ ತೇಲುತ್ತದೆ, ಕಿಂಗ್ ಪಿನ್ನಿಗೂ ಭಾರ. ತಯಾರಕರ ಅಳತೆ ಬಿಟ್ಟರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಇದೆ. ಸಪೂರ ಟೈರು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಸಪೂರದ್ದೇ ಹಾಕಿಸಿದೆ. ಅವನು ಈಗ ಜೀಪಿನ ಮುಂದೆ ಫೋಟೊ ತೆಗೆಸಿಕೊಳ್ಳುವುದಿಲ್ಲ.

ಓಡಿಸಿ ತಿಳಿದದ್ದು ಎರಡು ಮಾತು. ಇದರಲ್ಲಿ ನಡುವೆ ಡಿಫರೆನ್ಷಿಯಲ್ ಇಲ್ಲ, ಹಾಗಾಗಿ ಟಾರು ರಸ್ತೆಗೆ ಬಂದ ಕೂಡಲೇ ಮುಂದಿನ ಚಕ್ರದ ಲಿವರ್ ಬಿಡಿಸಬೇಕು. ಇಳಿಜಾರಿನಲ್ಲಿ ಬ್ರೇಕಿಗಿಂತ ಲೋ ಒಂದನೇ ಗೇರನ್ನು ನಂಬಬೇಕು. ಅದನ್ನೂ ಇಳಿಯುವ ಮೊದಲೇ ಹಾಕಿಕೊಂಡಿರಬೇಕು.

ಇನ್ನು ಎಂಜಿನ್. ರೇಡಿಯೇಟರ್ ತುಂಬ ಬಾವಿನೀರಿನ ಕಲ್ಲು ಕಟ್ಟಿತ್ತು, ಕೊರೆಸಿದೆ. ಯಾರೋ ಕಿತ್ತೆಸೆದಿದ್ದ ಥರ್ಮೋಸ್ಟಾಟನ್ನು ಮತ್ತೆ ಹಾಕಿಸಿದೆ. ಅದಿಲ್ಲದಿದ್ದರೆ ನಮ್ಮ ಚಳಿಗೆ ಎಂಜಿನ್ ಬಿಸಿಯಾಗುವುದರೊಳಗೆ ತೋಟ ಬಂದಿರುತ್ತದೆ. ಹೀಟರ್ ಪ್ಲಗ್ ಬದಲಿಸಿದ ಮೇಲೆ ಡಿಸೆಂಬರಿನ ಬೆಳಗ್ಗೆಯೂ ಕೆಮ್ಮದೆ ಏಳುತ್ತದೆ. ಇದನ್ನು ತೆಗೆದು 2523 ಸಿಸಿಯ ಡಿಐ ಹಾಕಿಸಿ, ಮೈಲೇಜ್ ಬರುತ್ತದೆ, ಹೀಟರ್ ಪ್ಲಗ್ಗೇ ಬೇಡ ಅಂತ ಪಕ್ಕದ ತೋಟದವರು ವಾರಕ್ಕೊಮ್ಮೆ ಹೇಳುತ್ತಾರೆ. ಅವರು ಹೇಳುವುದು ನಿಜ. ಆದರೆ ಅದಕ್ಕೆ ಆರ್‌ಟಿಒ ಅನುಮತಿ, ಹೊಸ ಮೌಂಟಿಂಗು, ಮೈ ಕೈ ನೋಯಿಸುವ ನಡುಕ. ಸದ್ಯ ಪ್ಯೂಜೊದ ಪಂಪು ಬಿಚ್ಚಿ ಕ್ಯಾಲಿಬ್ರೇಷನ್ನಿಗೆ ಶಿವಮೊಗ್ಗಕ್ಕೆ ಕಳಿಸಿದ್ದೇನೆ. ಬಂದ ಮೇಲೆ ಹೊಗೆ ಕಡಿಮೆಯಾದರೆ ಆ ಹತ್ತು ಸಾವಿರ ಕಟ್ಟಿ ನವೀಕರಣ ಮಾಡಿಸುವುದು. ಆಗದಿದ್ದರೆ ಪಕ್ಕದ ತೋಟದವರನ್ನೇ ಕರೆದು ಡಿಐ ಎಲ್ಲಿ ಸಿಗುತ್ತದೆ ಅಂತ ಕೇಳಬೇಕು.