ಹಿಮವಾಹನದಲ್ಲಿ ಗಾಳಿಯ ಸ್ಪ್ರಿಂಗು

ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಅದುಮಿ ನೋಡಿದವರಿಗೆ ಗಾಳಿಯೂ ಒಂದು ಸ್ಪ್ರಿಂಗೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮೊದಮೊದಲು ಹಿಡಿಯು ಸಲೀಸಾಗಿ ಇಳಿಯುತ್ತದೆ. ಕೊನೆಗೆ ಎಷ್ಟು ಬಲ ಹಾಕಿದರೂ ಇಳಿಯಲೊಲ್ಲದು. ಕೈ ಬಿಟ್ಟೊಡನೆ ಹಿಂದಕ್ಕೆ ಚಿಮ್ಮುತ್ತದೆ. ಈ ಗುಣವನ್ನೇ ನೆಚ್ಚಿಕೊಂಡು ಕಡಿದಾದ ಹಿಮದ ಇಳಿಜಾರುಗಳಲ್ಲಿ ಓಡುವ ವಾಹನವೊಂದಿದೆ. ಅದರ ಹೆಸರು ಸ್ನೋಮೊಬೈಲು.

ಮುಂದೆ ಎರಡು ಸ್ಕೀ ಹಲಗೆಗಳು, ಹಿಂದೆ ಎಂಜಿನ್ನಿನಿಂದ ಸುತ್ತುವ ಅಗಲವಾದ ರಬ್ಬರಿನ ಪಟ್ಟಿ. ಇಷ್ಟೇ ಅದರ ರೂಪ. ಕೆನಡದ ಕ್ವಿಬೆಕ್ ಪ್ರಾಂತದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬವರು 1959ರಲ್ಲಿ ಹೊರತಂದ ‘ಸ್ಕೀ-ಡೂ’ ಈ ಹಗುರ ವಾಹನವನ್ನು ಜನಪ್ರಿಯಗೊಳಿಸಿತು. ರಾಕಿ ಪರ್ವತಗಳ ಎತ್ತರದಲ್ಲಿ ಹಿಮವು ಹಿಟ್ಟಿನಂತೆ ಸಡಿಲವಾಗಿದ್ದು ಆಳವಾಗಿ ಬಿದ್ದಿರುತ್ತದೆ. ವಾಹನ ಅದರಲ್ಲಿ ಹೂತುಹೋಗದಿರಬೇಕಾದರೆ ಒಂದೊಂದು ಕಿಲೋಗ್ರಾಮನ್ನೂ ಉಳಿಸಬೇಕು. ಆದಕಾರಣ ಅನೇಕ ಪರ್ವತ ಮಾದರಿಗಳಲ್ಲಿ ಉಕ್ಕಿನ ಸುರುಳಿಯನ್ನು ಬಿಟ್ಟು, ಗಾಳಿ ತುಂಬಿದ ಆಘಾತಶಾಮಕಗಳನ್ನು, ಅಂದರೆ ಏರ್ ಷಾಕ್‌ಗಳನ್ನು ಜೋಡಿಸಿರುತ್ತಾರೆ.

ಏರ್ ಷಾಕಿನೊಳಗೆ ನಡೆಯುವ ಕೆಲಸಗಳು ಎರಡು. ಭಾರವನ್ನು ಹೊತ್ತು ಪುಟಿಯುವುದು ಗಾಳಿಯ ಕೆಲಸ. ಆ ಪುಟಿತವನ್ನು ತಡೆಯುವುದು ಎಣ್ಣೆಯ ಕೆಲಸ. ಪಿಸ್ಟನ್ನಿನ ಸಣ್ಣ ರಂಧ್ರಗಳಲ್ಲಿ ನುಗ್ಗಿ ಹೋಗುವಾಗ ಅದು ಚಲನಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ. ಎಣ್ಣೆ ಬುರುಗೇಳದಂತೆ ಅನೇಕ ಮಾದರಿಗಳಲ್ಲಿ ಅದರ ಹಿಂದೆ ಪ್ರತ್ಯೇಕವಾಗಿ ಸಾರಜನಕವನ್ನು ಒತ್ತಿಟ್ಟಿರುತ್ತಾರೆ. ಆ ಭಾಗ ಕಾರ್ಖಾನೆಯವರದು, ಸವಾರನು ಕೈ ಹಾಕತಕ್ಕದ್ದಲ್ಲ. ಅವನಿಗೆ ಸೇರಿದ್ದು ಗಾಳಿ ಮಾತ್ರ.

ಅಮೆರಿಕದ ವೈಯೋಮಿಂಗ್ ಸಂಸ್ಥಾನದಲ್ಲಿ ಜ್ಯಾಕ್ಸನ್ ಎಂಬ ಊರಿದೆ. ಅದರ ಎತ್ತರ ಸುಮಾರು 1,900 ಮೀಟರು. ಅಲ್ಲಿ ವಾಯುಮಂಡಲದ ಒತ್ತಡ ಚದರ ಅಂಗುಲಕ್ಕೆ ಸುಮಾರು 12 ಪೌಂಡು. ಅಲ್ಲಿಯ ಸವಾರನೊಬ್ಬ ಮುಂದಿನ ಷಾಕ್‌ಗಳಿಗೆ 60 ಪೌಂಡು ಗಾಳಿ ತುಂಬಿದನೆನ್ನೋಣ. (ನಿಜವಾದ ಅಂಕಿಯನ್ನು ವಾಹನದ ಕೈಪಿಡಿ ಮತ್ತು ಸವಾರನ ತೂಕಗಳು ನಿರ್ಧರಿಸುತ್ತವೆ.) ಗೇಜು ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನಷ್ಟೇ. ನಿರಪೇಕ್ಷ ಒತ್ತಡ 60 ಅಲ್ಲ, 72. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಈ 12ನ್ನು ಕೂಡಿಸಲು ಮರೆಯುವ ವಿದ್ಯಾರ್ಥಿಗಳನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಅಲ್ಲಿ ಹೋಗುವುದು ಎರಡು ಅಂಕ. ಇಲ್ಲಿ ಲೆಕ್ಕವೇ ಕೆಡುತ್ತದೆ.

ಬಾಯಿಲನ ನಿಯಮದಂತೆ ಗಾತ್ರ ಅರ್ಧವಾದಾಗ ನಿರಪೇಕ್ಷ ಒತ್ತಡ 144 ಆಗುತ್ತದೆ, ಗೇಜಿನಲ್ಲಿ 132. ಗಾತ್ರ ಮೂರನೆಯ ಒಂದು ಭಾಗಕ್ಕೆ ಇಳಿದರೆ ಗೇಜಿನಲ್ಲಿ 204. ಉಕ್ಕಿನ ಸುರುಳಿ ಅಂಗುಲ ಅಂಗುಲಕ್ಕೂ ಸಮನಾಗಿ ಬಲ ಕೂಡಿಸುತ್ತಾ ಹೋಗುತ್ತದೆ. ಗಾಳಿಯಾದರೋ ಕೊನೆಯಲ್ಲಿ ಒಮ್ಮೆಲೇ ಬಿರುಸಾಗುತ್ತದೆ. ವಾಹನ ನೆಗೆದು ಬಿದ್ದಾಗ ಸಂಪೀಡನ ಎಷ್ಟು ಬೇಗ ಆಗುತ್ತದೆಂದರೆ ಶಾಖ ಹೊರಹೋಗಲು ಸಮಯವೇ ಇರದು. ಆಗ ಬಾಯಿಲನ ನಿಯಮ ಸಾಲದು. ಅರ್ಧ ಗಾತ್ರದಲ್ಲಿಯೇ ಗೇಜಿನ ಒತ್ತಡ 132ರ ಬದಲು ಸುಮಾರು 178ಕ್ಕೆ ಏರುತ್ತದೆ. ಈ ಬಿರುಸೇ ಷಾಕನ್ನು ತಳ ಬಡಿಯದಂತೆ ಕಾಯುತ್ತದೆ.

ಆದರೆ ಗಾಳಿಗೆ ಒಂದು ದೌರ್ಬಲ್ಯವುಂಟು, ಅದು ಚಳಿ. ನಮ್ಮ ಸವಾರನು ಗಾಳಿ ತುಂಬಿದ್ದು 20 ಡಿಗ್ರಿ ಸೆಂಟಿಗ್ರೇಡಿನ ಬೆಚ್ಚನೆಯ ಷೆಡ್ಡಿನಲ್ಲಿ. ಅಲ್ಲಿಂದ ಅವನು ಸುಮಾರು 2,940 ಮೀಟರು ಎತ್ತರದ ಟೊಗೊಟೀ ಕಣಿವೆದಾರಿಗೆ ಹೋಗುತ್ತಾನೆ. ಅಲ್ಲಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿ. ನಿರಪೇಕ್ಷ ಉಷ್ಣತೆ 293ರಿಂದ 253ಕ್ಕೆ ಇಳಿಯಿತು. ಗಾತ್ರ ಬದಲಾಗದೆ ಇರುವುದರಿಂದ 72 ಪೌಂಡಿನ ಒತ್ತಡ 62 ಆಯಿತು. ಬೆಟ್ಟದ ಮೇಲೆ ವಾಯುಮಂಡಲದ ಒತ್ತಡ ಸುಮಾರು 10 ಪೌಂಡಾದುದರಿಂದ ಗೇಜು 52 ತೋರಿಸುತ್ತದೆ. ಎತ್ತರವು ಎರಡು ಪೌಂಡನ್ನು ಹಿಂದಿರುಗಿಸಿತು. ಚಳಿಯು ಹತ್ತನ್ನು ಕಸಿದುಕೊಂಡಿತು. ಒಂದು ಗುಳ್ಳೆಯಷ್ಟೂ ಗಾಳಿ ಸೋರಿಲ್ಲ! ಆದರೂ ಮುಂಭಾಗ ಕುಸಿದಿದೆ. ಉಬ್ಬುತಗ್ಗುಗಳಲ್ಲಿ ವಾಹನದ ಮೂತಿ ಹಿಮಕ್ಕೆ ಚುಚ್ಚುತ್ತದೆ. ಕಡಿದಾದ ಇಳಿಜಾರಿಗೆ ಅಡ್ಡಲಾಗಿ ಸಾಗುವಾಗ, ಕೆಳಗೆ ಮರಗಳೋ ಕೊರಕಲೋ ಇರುವಲ್ಲಿ, ವಾಹನ ಸವಾರನು ಎಣಿಸಿದಂತೆ ಬಾಗುವುದಿಲ್ಲ.

ಆದುದರಿಂದ ವಾಹನವನ್ನು ಹೊರಗಿನ ಚಳಿಯಲ್ಲಿ ಅರ್ಧ ಗಂಟೆಯಾದರೂ ನಿಲ್ಲಿಸಿ, ಅದು ತಣ್ಣಗಾದ ಮೇಲೆ, ಸವಾರಿಗೆ ಮುಂಚೆ ಗಾಳಿಯನ್ನು ಸರಿಪಡಿಸಬೇಕು. ಬೆಟ್ಟದ ಮೇಲೆ 60ಕ್ಕೆ ಇಟ್ಟ ಷಾಕು ಸಂಜೆ ಬೆಚ್ಚನೆಯ ಷೆಡ್ಡಿನಲ್ಲಿ 69 ತೋರಿಸಿದರೆ ಹೆಚ್ಚಾಯಿತೆಂದು ಗಾಳಿ ಬಿಡಬಾರದು. ಅಳೆಯುವಾಗ ಮುಂಭಾಗವನ್ನು ಎತ್ತಿ, ಷಾಕು ಪೂರ್ಣ ನೀಳವಾಗುವಂತೆ ಮಾಡಬೇಕು. ವಾಹನದ ಭಾರ ಅದರ ಮೇಲಿದ್ದರೆ ಗಾತ್ರ ಕುಗ್ಗಿ ಗೇಜು ಹೆಚ್ಚು ತೋರಿಸುತ್ತದೆ. ಎಡ ಬಲ ಎರಡರಲ್ಲೂ ಒತ್ತಡ ಒಂದೇ ಇರಬೇಕು. ಬದಲಾವಣೆಯನ್ನು ಎರಡು ಮೂರು ಪೌಂಡುಗಳಂತೆ ಮಾಡಿ, ಓಡಿಸಿ ನೋಡುವುದು ಲೇಸು. ಹಿಂಬದಿಯ ಷಾಕಿನಲ್ಲಿ ಗಾಳಿ ಕಡಮೆಯಾದಷ್ಟೂ ಏರುವಾಗ ಭಾರ ಹಿಂದಕ್ಕೆ ಸರಿದು ಸ್ಕೀಗಳು ಹಗುರವಾಗುತ್ತವೆ. ಪಟ್ಟಿಗೆ ಹಿಡಿತ ಸಿಕ್ಕುತ್ತದೆ, ಚುಕ್ಕಾಣಿ ಮಾತ್ರ ಸಡಿಲವಾಗುತ್ತದೆ.

ಪಾಲನೆ ಸುಲಭ. ದಂಡವನ್ನು ಸಾಬೂನು ನೀರಿನಿಂದ ಒರೆಸಬೇಕು. ರಭಸದ ನೀರನ್ನು ರಬ್ಬರ್ ಬಿಗಿಯುಂಗುರದ ಮೇಲೆ ಹಾಯಿಸಿದರೆ ಕೊಳೆ ಒಳಗೆ ಹೊಗುತ್ತದೆ. ದಂಡದ ಮೇಲೆ ಎಣ್ಣೆಯ ತೆಳುವಾದ ಪದರ ಸಹಜ. ಎಣ್ಣೆ ತೊಟ್ಟಿಕ್ಕಿದರೆ ಉಂಗುರ ಸವೆದಿದೆ. ಗಾಳಿಯ ಕೋಣೆಯನ್ನು ಬಿಚ್ಚುವ ಮುನ್ನ ಒಳಗಿನ ಗಾಳಿಯನ್ನೆಲ್ಲ ಬಿಟ್ಟಿರಲೇಬೇಕು. ಇದರಲ್ಲಿ ಉದಾಸೀನ ಸಲ್ಲದು, ಏಕೆಂದರೆ ಒತ್ತಡದಲ್ಲಿರುವ ಲೋಹದ ತುಣುಕು ಮುಖಕ್ಕೆ ಹಾರಬಹುದು.

ಕೊನೆಯದಾಗಿ ಪಂಪಿನ ವಿಷಯ. ಷಾಕಿನಲ್ಲಿರುವ ಗಾಳಿ ಅತ್ಯಲ್ಪ. ಟೈರಿಗೆ ಗಾಳಿ ತುಂಬುವ ಯಂತ್ರ ಅದಕ್ಕೆ ತಕ್ಕದ್ದಲ್ಲ, ಸಣ್ಣ ಕೈಪಂಪೇ ಬೇಕು. ಪಂಪನ್ನು ತಿರುಗಿಸಿ ಕೂಡಿಸಿದ ಕ್ಷಣ ಷಾಕಿನ ಗಾಳಿಯ ಒಂದು ಪಾಲು ಪಂಪಿನ ಕೊಳವೆಯನ್ನು ತುಂಬುತ್ತದೆ. ಗೇಜಿನ ಅಂಕಿ ಮೊದಲಿದ್ದುದಕ್ಕಿಂತ ಇಳಿಯುತ್ತದೆ. ಬಿಚ್ಚುವಾಗ ಕೇಳುವ ಬುಸ್ಸೆಂಬ ಸದ್ದು ಬಹುಮಟ್ಟಿಗೆ ಆ ಕೊಳವೆಯ ಗಾಳಿಯದು. ಇದನ್ನರಿಯದವರು ಮತ್ತೆ ಮತ್ತೆ ಪಂಪು ಹಚ್ಚಿ ನೋಡುತ್ತಾ, ಪ್ರತಿಸಲವೂ ಅಂಕಿ ಇಳಿಯುವುದನ್ನು ಕಂಡು, ಕೆಡದ ಷಾಕು ಸೋರುತ್ತಿದೆಯೆಂದು ಅದನ್ನು ಬಿಚ್ಚಲು ಹೊರಡುವುದುಂಟು.