ಶಹಾಬಾದ್ ಕಲ್ಲಿನ ನೆಲದಲ್ಲಿ ಯೂರಿಯಾ ಪಾಠ

ತರಗತಿ: 10. ಘಟಕ: ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು
ಉಪಘಟಕ: ಸಾರಜನಕ ಗೊಬ್ಬರ ಮತ್ತು ಬೇರಿನ ಸುತ್ತಲಿನ ಆಮ್ಲೀಯತೆ. ಅವಧಿ: 40 ನಿಮಿಷ

ಪಾಠದ ಅಗತ್ಯ

“ಯೂರಿಯಾ ಹಾಕಿದರೆ ಮಣ್ಣು ಹುಳಿಯಾಗುತ್ತದೆ, ಸುಣ್ಣ ಹಾಕಬೇಕು” ಎಂದು ಒಂದೇ ವಾಕ್ಯದಲ್ಲಿ ಈ ಪಾಠ ಮುಗಿಸುವುದು ಸುಲಭ. ಹೆಚ್ಚು ಮಳೆಯ ಮಲೆನಾಡಿಗೆ ಆ ಮಾತು ಒಪ್ಪುತ್ತದೆ. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಭಾಗದಲ್ಲಿ ನೆಲದಡಿ ಸುಣ್ಣಕಲ್ಲೇ ಇದೆ. ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕಾಗಿಯೇ. ಪಾಠ ಕೇಳಿದ ಮಗು ಮನೆಗೆ ಹೋಗಿ ಕಪ್ಪು ಹೊಲಕ್ಕೆ ಸುಣ್ಣ ಹಾಕಿಸಿದರೆ ಹಣವೂ ಹೋಯಿತು, ಬೆಳೆಯೂ ಸೊರಗೀತು.

ವಿಷಯ ನಿರೂಪಣೆ

1. ಯೂರಿಯಾದಲ್ಲಿ ಶೇ. 46 ಸಾರಜನಕವಿದೆ. ಮಣ್ಣಿನ ಯೂರಿಯೇಸ್ ಕಿಣ್ವ ಅದನ್ನು ಒಡೆದಾಗ ಕಾಳಿನ ಸುತ್ತ ಮೊದಲು ಕ್ಷಾರೀಯತೆ ಏರುತ್ತದೆ. ಮೇಲೆ ಚೆಲ್ಲಿದ ಗೊಬ್ಬರ ಅಮೋನಿಯಾ ಅನಿಲವಾಗಿ ಹಾರಿಹೋಗುವುದು ಆಗಲೇ. ಮಣ್ಣು ಮುಚ್ಚಬೇಕೆನ್ನುವುದು ಇದಕ್ಕೇ.

2. ಅನಂತರ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ಪ್ರತಿ ಅಮೋನಿಯಂ ಅಯಾನಿಗೆ ಎರಡು ಹೈಡ್ರೋಜನ್ ಅಯಾನುಗಳು ಬಿಡುಗಡೆಯಾಗುತ್ತವೆ. ಆಮ್ಲೀಯತೆಯ ಮೂಲ ಇದು.

3. ಬೇರು ತನ್ನ ವಿದ್ಯುದಾವೇಶದ ಲೆಕ್ಕ ಸರಿದೂಗಿಸಿಕೊಳ್ಳುತ್ತದೆ. ಧನಾವೇಶದ ಅಮೋನಿಯಂ ಹೀರಿದರೆ ಹೈಡ್ರೋಜನ್ ಅಯಾನನ್ನು ಹೊರಬಿಡುತ್ತದೆ. ಋಣಾವೇಶದ ನೈಟ್ರೇಟ್ ಹೀರಿದರೆ ಹೈಡ್ರಾಕ್ಸಿಲ್ ಅಥವಾ ಬೈಕಾರ್ಬೊನೇಟ್ ಬಿಡುತ್ತದೆ. ಹೀಗೆ ಬೇರಿಗಂಟಿದ ಕೆಲವೇ ಮಿಲಿಮೀಟರ್ ಮಣ್ಣಿನ ಪಿಎಚ್ ಉಳಿದ ಹೊಲಕ್ಕಿಂತ ಬೇರೆಯಾಗಬಹುದು. ಗಾಳಿಯ ಸಾರಜನಕ ಹಿಡಿಯುವ ತೊಗರಿಯೂ ತನ್ನ ಬೇರಿನ ಸುತ್ತ ಅಷ್ಟಿಷ್ಟು ಆಮ್ಲೀಯತೆ ಉಂಟುಮಾಡುತ್ತದೆ.

ಸುಣ್ಣ ತುಂಬಿದ ಮಣ್ಣಿನಲ್ಲಿ ಕಬ್ಬಿಣ ಸುಲಭವಾಗಿ ಕರಗದು. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದು ಈ ಕೊರತೆಯ ಗುರುತು. ಅಲ್ಲಿ ಬೇರಿನ ಬಳಿಯ ಸ್ವಲ್ಪ ಹುಳಿ ಗಿಡಕ್ಕೆ ನೆರವೇ.

ಚಟುವಟಿಕೆ

ಎರಡು ಲೋಟ ನೀರಿಗೆ ದಾಸವಾಳದ ರಸ ಹಾಕಿ. ಒಂದಕ್ಕೆ ಒಂದು ಚಮಚ ಶಹಾಬಾದ್ ಕಲ್ಲಿನ ಪುಡಿ ಬೆರೆಸಿ. ಎರಡಕ್ಕೂ ನಿಂಬೆರಸವನ್ನು ಹನಿಹನಿಯಾಗಿ ಹಾಕಿ, ಕಲಕಿ, ತುಸು ಕಾಯಿರಿ. ಯಾವ ಲೋಟ ಬೇಗ ಗಾಢ ಗುಲಾಬಿಯಾಯಿತು? ಕಾರಣವನ್ನು ಮಕ್ಕಳೇ ಹೇಳಲಿ. ಬಫರ್ ಎಂಬ ಪದ ಆಮೇಲೆ ಬರಲಿ.

ಕಪ್ಪುಹಲಗೆಯ ಲೆಕ್ಕ

45 ಕಿಲೋ ಚೀಲದಲ್ಲಿ ಸುಮಾರು 20.7 ಕಿಲೋ ಸಾರಜನಕ. ಯೂರಿಯಾದ 1 ಕಿಲೋ ಸಾರಜನಕದ ಆಮ್ಲ ತಟಸ್ಥವಾಗಲು ಸುಮಾರು 1.8 ಕಿಲೋ ಕ್ಯಾಲ್ಸಿಯಂ ಕಾರ್ಬೊನೇಟ್ ಬೇಕು; ಅಂದರೆ ಚೀಲಕ್ಕೆ 37 ಕಿಲೋ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 800 ಟನ್. ಅದರಲ್ಲಿ ಶೇ. 5 ಸುಣ್ಣವಿದೆ ಎಂದಿಟ್ಟುಕೊಂಡರೆ 40 ಟನ್. ಅದು ಮುಗಿಯಲು ಸಾವಿರಕ್ಕೂ ಹೆಚ್ಚು ಚೀಲ ಬೇಕು!

ಚಿಂಚೋಳಿಯ ಜಂಬಿಟ್ಟಿಗೆ ಕೆಂಪು ಮಣ್ಣಿಗೆ ಈ ಲೆಕ್ಕ ಹೊಂದದು. ಅಲ್ಲಿ ಸುಣ್ಣದ ದಾಸ್ತಾನು ಕಡಿಮೆ; ವರ್ಷವರ್ಷ ಗೊಬ್ಬರ ಹಾಕಿದರೆ ಹುಳಿ ಬೇಗ ಕಾಣಿಸಿಕೊಳ್ಳುತ್ತದೆ.

ಮೌಲ್ಯಮಾಪನ

1. ಯೂರಿಯಾ ಮೊದಲು ಕ್ಷಾರೀಯತೆ, ಬಳಿಕ ಆಮ್ಲೀಯತೆ ತರುವುದೇಕೆ?
2. ನೈಟ್ರೇಟ್ ಹೀರುವ ಬೇರಿನ ಸುತ್ತ ಪಿಎಚ್ ಏರುವುದೇ, ಇಳಿಯುವುದೇ?
3. ನಿಮ್ಮ ಹೊಲಕ್ಕೆ ಸುಣ್ಣ ಬೇಕೇ? ತೀರ್ಮಾನಿಸುವ ಮೊದಲು ಯಾವ ಪರೀಕ್ಷೆ ಮಾಡಿಸುವಿರಿ?

ವೀಕ್ಷಕರ ಗಮನಕ್ಕೆ

ಮೂರನೆಯ ಪ್ರಶ್ನೆಗೆ ಇಡೀ ತರಗತಿ ಒಂದೇ ಉತ್ತರ ಬರೆದರೆ, ಚಿತ್ತಾಪುರದ ಮಗುವಿಗೂ ಚಿಂಚೋಳಿಯ ಮಗುವಿಗೂ ತಮ್ಮ ತಮ್ಮ ಮಣ್ಣು ಇನ್ನೂ ಕಂಡಿಲ್ಲವೆಂದೇ ತಿಳಿಯಬೇಕು.